ವಿಕ್ಟೋರಿಯಾ ಕಾಲದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ ಹಿಡಿಯುವುದು ಹೇಗೆ?

ಹಳೆ ಇಂಗ್ಲಿಷ್ ಕಾದಂಬರಿ ಓದುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಅಪ್ಪ ತೀರಿಕೊಂಡ, ಕೈಯಲ್ಲಿ ಕಾಸಿಲ್ಲ, ಹುಡುಗಿ ಯಾವುದೋ ಊರಿನ ಶಾಲೆಗೆ ಟೀಚರ್ ಆಗಿ ಹೋದಳು ಅಂತ ಕಾದಂಬರಿಯಲ್ಲಿ ಎರಡು ಸಾಲಲ್ಲಿ ಮುಗಿದುಹೋಗುತ್ತದೆ. ಆ ಕೆಲಸ ಅವಳಿಗೆ ಸಿಕ್ಕಿದ್ದಾದರೂ ಹೇಗೆ? ಅರ್ಜಿ ಯಾರಿಗೆ ಬರೆದಳು? ಸಂಬಳ ಎಷ್ಟು? ಆ ಕಾಲದ ಕಥೆ, ನಾಟಕ ಬರೆಯಲು ಕೂತವರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಕೆಲಸ ಹುಡುಕುತ್ತಿರುವವರು ನೀವೇ ಅಂದುಕೊಂಡು ಓದಿ. ನಿಮಗೆ 22 ವರ್ಷ, ಮದುವೆ ಆಗಿಲ್ಲ. ಅಪ್ಪ ಹಳ್ಳಿ ಚರ್ಚಿನ ಪಾದ್ರಿ ಆಗಿದ್ದವರು. ಮನೆ ಚರ್ಚಿನದು, ಹಾಗಾಗಿ ಅವರು ಹೋದ ಮೇಲೆ ಮನೆಯೂ ಹೋಯಿತು.

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. 1 ಪೌಂಡಿಗೆ 20 ಶಿಲಿಂಗ್. 1 ಶಿಲಿಂಗಿಗೆ 12 ಪೆನ್ನಿ. ಗಿನಿ ಅಂದರೆ 21 ಶಿಲಿಂಗ್. ದೊಡ್ಡ ಮನುಷ್ಯರ ಫೀಸೆಲ್ಲ ಗಿನಿಯಲ್ಲೇ.

ಹಂತ 1: ಇಸವಿ ಯಾವುದು, ನೋಡಿಕೊಳ್ಳಿ

ಬಹಳ ಜನ ಎಡವುವುದು ಇಲ್ಲೇ. ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಅಷ್ಟು ವರ್ಷದಲ್ಲಿ ಅಜ್ಜಿ ಕೆಲಸ ಹುಡುಕಿದ ರೀತಿಯೇ ಬೇರೆ, ಮೊಮ್ಮಗಳು ಹುಡುಕಿದ ರೀತಿಯೇ ಬೇರೆ.

1848ಕ್ಕೆ ಮುಂಚೆ ನಿಮ್ಮ ಹತ್ತಿರ ತೋರಿಸಲು ಯಾವ ಸರ್ಟಿಫಿಕೇಟೂ ಇರುವುದಿಲ್ಲ. ಆ ವರ್ಷ ಲಂಡನ್ನಿನ ಹಾರ್ಲಿ ಸ್ಟ್ರೀಟಿನಲ್ಲಿ ಹೆಂಗಸರಿಗೆ ಕಲಿಸುವ ಕ್ವೀನ್ಸ್ ಕಾಲೇಜು ತೆರೆಯಿತು, ಮರುವರ್ಷ ಬೆಡ್‌ಫರ್ಡ್ ಕಾಲೇಜು. 1865ರಲ್ಲಿ ಕೇಂಬ್ರಿಡ್ಜಿನ ಲೋಕಲ್ ಪರೀಕ್ಷೆ ಹುಡುಗಿಯರಿಗೂ ತೆರೆಯಿತು. ಲೋಕಲ್ ಅಂದರೆ ವಿಶ್ವವಿದ್ಯಾಲಯದವರು ಊರೂರಿನ ಕೇಂದ್ರಗಳಲ್ಲಿ ಶಾಲಾಮಕ್ಕಳಿಗೆ ನಡೆಸುತ್ತಿದ್ದ ಪರೀಕ್ಷೆ. 1869ರಲ್ಲಿ 18 ದಾಟಿದ ಹೆಂಗಸರಿಗೆ ಹೈಯರ್ ಲೋಕಲ್ ಬಂತು. ಟೀಚರ್ ಆಗಬೇಕು ಅನ್ನುವವರು ಮುಗಿಬಿದ್ದು ಕಟ್ಟಿದ ಪರೀಕ್ಷೆ ಇದು. 1878ರಲ್ಲಿ ಲಂಡನ್ ವಿಶ್ವವಿದ್ಯಾಲಯ ಹೆಂಗಸರಿಗೂ ಡಿಗ್ರಿ ಕೊಡಲು ಒಪ್ಪಿತು.

1840ರಲ್ಲಿ ಕೇಳುತ್ತಿದ್ದದ್ದು ನೀವು ಯಾರ ಮಗಳು ಅಂತ. 1880ರಲ್ಲಿ ಯಾವ ಪರೀಕ್ಷೆ ಪಾಸಾಗಿದ್ದೀರಿ ಅಂತ. ಆದರೆ ಒಂದು ವಿಷಯ: ಎರಡನೇ ಪ್ರಶ್ನೆ ಬಂತು ಅಂತ ಮೊದಲನೆಯದು ಹೋಗಲಿಲ್ಲ.

ಎಚ್ಚರಿಕೆ: 1880ರಲ್ಲಿ ನೀವು ಕೇಂಬ್ರಿಡ್ಜಿನ ಗರ್ಟನ್ ಕಾಲೇಜಿನಲ್ಲಿ ಓದಿದವರಾದರೂ ಹೆಸರಿನ ಮುಂದೆ ಬಿ.ಎ. ಹಾಕಿಕೊಳ್ಳಬೇಡಿ. ಕೇಂಬ್ರಿಡ್ಜ್ ಹೆಂಗಸರಿಗೆ ಪೂರ್ತಿ ಡಿಗ್ರಿ ಕೊಟ್ಟಿದ್ದು 1948ರಲ್ಲಿ. ಹೌದು, ನಮಗೆ ಸ್ವಾತಂತ್ರ್ಯ ಬಂದ ಮೇಲೆ. ಅಲ್ಲಿಯವರೆಗೆ ಪರೀಕ್ಷೆ ಪಾಸು ಮಾಡಬಹುದಿತ್ತು, ಪದವಿ ಇಲ್ಲ. ಎಷ್ಟೋ ಕಥೆಗಳಲ್ಲಿ ಈ ತಪ್ಪು ನೋಡಿದ್ದೇನೆ.

ಹಂತ 2: ಎಂಥ ಶಾಲೆ ಅಂತ ತೀರ್ಮಾನಿಸಿ

ಶಾಲೆಗಳಲ್ಲಿ ಮೂರು ಬಗೆ. ಒಂದರ ಬಾಗಿಲು ತಟ್ಟಿದವರಿಗೆ ಇನ್ನೊಂದರ ಬಾಗಿಲು ಸಾಮಾನ್ಯವಾಗಿ ತೆಗೆಯುವುದಿಲ್ಲ.

ಮೊದಲನೆಯದು ಎಲಿಮೆಂಟರಿ ಶಾಲೆ, ಕೂಲಿಕಾರರ ಮಕ್ಕಳದ್ದು. ಇಲ್ಲಿಗೆ ಬರುವ ಟೀಚರ್ ದಾರಿ 1846ರಿಂದ ಪಕ್ಕಾ ಆಗಿತ್ತು. 13ನೇ ವಯಸ್ಸಿಗೆ ಪ್ಯೂಪಿಲ್ ಟೀಚರ್ ಆಗಿ ಸೇರಬೇಕು. ಅಂದರೆ ತಾನೂ ಓದುತ್ತಾ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಹುಡುಗಿ. ಐದು ವರ್ಷ. ಮೊದಲ ವರ್ಷ ಸರ್ಕಾರ 10 ಪೌಂಡ್ ಕೊಡುತ್ತದೆ, ಐದನೇ ವರ್ಷಕ್ಕೆ ಅದು 20 ಪೌಂಡ್. ಆಮೇಲೆ ಪರೀಕ್ಷೆ, ತರಬೇತಿ ಕಾಲೇಜು, ಸರ್ಟಿಫಿಕೇಟ್.

ಎರಡನೆಯದು ಖಾಸಗಿ ಶಾಲೆ. ಶಾಲೆ ಅನ್ನುವುದಕ್ಕಿಂತ ಮನೆ ಅನ್ನಬೇಕು. ಒಬ್ಬ ವಿಧವೆಯೋ ಮದುವೆಯಾಗದ ಅಕ್ಕತಂಗಿಯರೋ ತಮ್ಮ ಮನೆಯಲ್ಲೇ ಕೆಲವು ಹುಡುಗಿಯರನ್ನು ಇಟ್ಟುಕೊಂಡು ನಡೆಸುವುದು. ಬಾಗಿಲಿಗೆ ಹಿತ್ತಾಳೆ ಫಲಕ. ಅದರ ಮೇಲೆ 'ಸೆಮಿನರಿ ಫಾರ್ ಯಂಗ್ ಲೇಡೀಸ್' ಅಂತಲೋ ಇನ್ನೇನೋ ಭಾರಿ ಹೆಸರು. ಪಾದ್ರಿ ಮಗಳಾದ ನಿಮಗೆ 1870ಕ್ಕೆ ಮುಂಚೆ ಬಹುಮಟ್ಟಿಗೆ ಇದೇ ಗತಿ.

ಇಲ್ಲಿ ಒಂದು ವಿಚಿತ್ರ ನೋಡಿ. ಬಡವರ ಮಕ್ಕಳಿಗೆ ಕಲಿಸುವವಳಿಗೆ ತರಬೇತಿ ಇತ್ತು, ಮೇಲೆ ಇನ್‌ಸ್ಪೆಕ್ಟರ್ ಇದ್ದ. ದುಡ್ಡು ಕೊಟ್ಟು ಓದುವ ಹುಡುಗಿಯರ ಟೀಚರಿಗೆ ಎರಡೂ ಇರಲಿಲ್ಲ. ಆದರೂ ತರಬೇತಿ ಪಡೆದವಳನ್ನು ಈ ಮನೆಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವಳು 'ಲೇಡಿ' ಅಲ್ಲವಲ್ಲ! ನಮ್ಮ ಮಡಿ ಮೈಲಿಗೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಹೊಸ ಬಗೆಯ ದೊಡ್ಡ ಶಾಲೆ. ಫ್ರಾನ್ಸಿಸ್ ಬಸ್ 1850ರಲ್ಲಿ ಶುರು ಮಾಡಿದ ನಾರ್ತ್ ಲಂಡನ್ ಕಾಲೇಜಿಯೇಟ್, ಡೊರೋಥಿಯಾ ಬೀಲ್ 1858ರಿಂದ ನಡೆಸಿದ ಚೆಲ್ಟನಮ್ ಲೇಡೀಸ್ ಕಾಲೇಜ್ ಇದಕ್ಕೆ ಮಾದರಿ. 1872ರಲ್ಲಿ ಗರ್ಲ್ಸ್ ಪಬ್ಲಿಕ್ ಡೇ ಸ್ಕೂಲ್ ಕಂಪನಿ ಹುಟ್ಟಿತು. ಮರುವರ್ಷ ಚೆಲ್ಸಿಯಲ್ಲಿ ಅದರ ಮೊದಲ ಶಾಲೆ. ಇಲ್ಲಿ ಆಡಳಿತ ಮಂಡಳಿ ಇದೆ, ತರಗತಿ ಇದೆ, ಟೈಂ ಟೇಬಲ್ ಇದೆ. ಸಂಜೆ ನೀವು ನಿಮ್ಮ ಮನೆಗೆ ಹೋಗಬಹುದು. ಅವಕಾಶ ಸಿಕ್ಕರೆ ಇದನ್ನೇ ಹಿಡಿಯಿರಿ.

ಹಂತ 3: ನಿಮ್ಮ ಕೈಯಲ್ಲಿರುವ ಸರಕು ಏನು?

ಖಾಸಗಿ ಶಾಲೆಗೆ ಏನು ಬೇಕು ಅಂತ ತಿಳಿಯಬೇಕಾದರೆ ಅದರ ಫೀಸ್ ಪಟ್ಟಿ ನೋಡಬೇಕು. 'ಜೇನ್ ಐರ್' ಕಾದಂಬರಿ ಬರೆದ ಷಾರ್ಲೆಟ್ ಬ್ರಾಂಟಿ ಮತ್ತು ತಂಗಿಯರು 1844ರಲ್ಲಿ ಹಾವರ್ತ್‌ನ ತಮ್ಮ ಮನೆಯಲ್ಲೇ ಶಾಲೆ ತೆರೆಯಲು ಒಂದು ಪ್ರಾಸ್ಪೆಕ್ಟಸ್ ಅಚ್ಚು ಹಾಕಿಸಿದ್ದರು. ಊಟ, ವಸತಿ, ಬರವಣಿಗೆ, ಲೆಕ್ಕ, ಇತಿಹಾಸ, ವ್ಯಾಕರಣ, ಭೂಗೋಳ, ಹೊಲಿಗೆ ಎಲ್ಲ ಸೇರಿ ವರ್ಷಕ್ಕೆ 35 ಪೌಂಡ್. ಇದರ ಮೇಲೆ ಫ್ರೆಂಚ್, ಜರ್ಮನ್, ಲ್ಯಾಟಿನ್ ಬೇಕಾದರೆ ಒಂದೊಂದಕ್ಕೂ ಮೂರು ತಿಂಗಳಿಗೆ 1 ಗಿನಿ. ಸಂಗೀತ, ಚಿತ್ರಕಲೆಗೂ ಅಷ್ಟೇ. ಪಿಯಾನೋ ಬಳಸಿದರೆ 5 ಶಿಲಿಂಗ್ ಬೇರೆ. ಬಟ್ಟೆ ಒಗೆಸಲು 15 ಶಿಲಿಂಗ್. ಹುಡುಗಿ ಬರುವಾಗ ಹೊದಿಕೆ, ದಿಂಬಿನ ಚೀಲ, ನಾಲ್ಕು ಟವೆಲ್, ಚಮಚ ತರಬೇಕು.

ಈಗ ಶಾಲೆಯ ಒಡತಿಯ ಕಣ್ಣಿಂದ ನೋಡಿ. ಲೆಕ್ಕ, ಇತಿಹಾಸ ಕಲಿಸುವ ಟೀಚರ್ 35 ಪೌಂಡಿನಲ್ಲೇ ಬಂದುಹೋಗುತ್ತಾಳೆ. ಫ್ರೆಂಚು, ಪಿಯಾನೋ ಬಂದರೆ ಪ್ರತಿ ಹುಡುಗಿಯಿಂದ ಗಿನಿ ಗಿನಿ ಜಾಸ್ತಿ. ಹಾಗಾಗಿ ನಿಮ್ಮ ಪತ್ರದಲ್ಲಿ ಮೊದಲು ಬರಬೇಕಾದದ್ದು ಫ್ರೆಂಚ್, ಎರಡನೆಯದು ಸಂಗೀತ. ಇವಕ್ಕೆ ಆಗ 'ಅಕಂಪ್ಲಿಷ್‌ಮೆಂಟ್ಸ್' ಅನ್ನುತ್ತಿದ್ದರು. ಮದುವೆ ಮಾರುಕಟ್ಟೆಯಲ್ಲಿ ಹುಡುಗಿಗೆ ಹೊಳಪು ಕೊಡುವ ವಿದ್ಯೆಗಳು. 'ಯೂಸ್ ಆಫ್ ದಿ ಗ್ಲೋಬ್ಸ್' ಅಂತ ಕಂಡರೆ ಗಾಬರಿ ಬೇಡ. ಒಂದು ಭೂಮಿಯ ಗೋಳ, ಒಂದು ಆಕಾಶದ ಗೋಳ ಇಟ್ಟುಕೊಂಡು ಊರು, ನಕ್ಷತ್ರ, ಹೊತ್ತು ಗುರುತಿಸಲು ಕಲಿಸುವುದು, ಅಷ್ಟೇ.

ಫ್ರೆಂಚ್ ಅನ್ನು ಫ್ರೆಂಚ್ ಮಾತಾಡುವ ಊರಲ್ಲೇ ಕಲಿತಿದ್ದರೆ ನಿಮ್ಮ ಬೆಲೆ ಏರುತ್ತದೆ. ಷಾರ್ಲೆಟ್ ಮತ್ತು ತಂಗಿ ಎಮಿಲಿ 1842ರಲ್ಲಿ ಬ್ರಸೆಲ್ಸಿಗೆ ಹೋಗಿದ್ದು ಇದಕ್ಕೇ. ಅಕ್ಕತಂಗಿಯರ ಶಾಲೆಗೆ ಕೊನೆಗೆ ಒಬ್ಬ ಹುಡುಗಿಯೂ ಬರಲಿಲ್ಲ, ಅದು ಬೇರೆ ಮಾತು.

ಎಚ್ಚರಿಕೆ: ಲೆಕ್ಕವನ್ನು ಕಡೆಗಣಿಸಬೇಡಿ. 1863ರ ಡಿಸೆಂಬರಿನಲ್ಲಿ ಕೇಂಬ್ರಿಡ್ಜ್ ಲೋಕಲ್ ಪರೀಕ್ಷೆಯನ್ನು ಹುಡುಗಿಯರಿಗೆ ಪ್ರಯೋಗಕ್ಕೆಂದು ನಡೆಸಿದರು. ದೊಡ್ಡ ತರಗತಿಯ 40 ಹುಡುಗಿಯರಲ್ಲಿ 34 ಮಂದಿ ಲೆಕ್ಕದಲ್ಲಿ ಫೇಲ್! ಅವರು ದಡ್ಡಿಯರಲ್ಲ. ಅವರಿಗೆ ಲೆಕ್ಕವನ್ನು ಯಾರೂ ಸರಿಯಾಗಿ ಹೇಳಿಕೊಟ್ಟೇ ಇರಲಿಲ್ಲ. ಆಮೇಲೆ ಹೊಸ ಶಾಲೆಗಳು ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡವು. ಹಾಗಾಗಿ ನಿಮ್ಮ ಇಸವಿ 1870 ದಾಟಿದ್ದರೆ ಪತ್ರದಲ್ಲಿ ಲೆಕ್ಕವನ್ನು ಮೇಲಕ್ಕೆ ತನ್ನಿ, ಪಿಯಾನೋ ಕೆಳಗಿರಲಿ.

ಹಂತ 4: 'ಕ್ಯಾರೆಕ್ಟರ್' ಸಂಪಾದಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. 'ಕ್ಯಾರೆಕ್ಟರ್' ಅಂದರೆ ಇಲ್ಲಿ ನಡತೆ ಮಾತ್ರ ಅಲ್ಲ. ನಿಮ್ಮ ನಡತೆಗೆ ಬೇರೆಯವರು ಬರೆದುಕೊಡುವ ಮಾತಿಗೂ ಅದೇ ಹೆಸರು. ಕೆಲಸ ಬಿಟ್ಟು ಬರುವಾಗ ಹಳೆ ಯಜಮಾನ್ತಿ ಕೊಡುವ ಕಾಗದಕ್ಕೆ 'ಟೆಸ್ಟಿಮೋನಿಯಲ್' ಅನ್ನುತ್ತಾರೆ. ನಿಮ್ಮ ಬಗ್ಗೆ ನೇರವಾಗಿ ಪತ್ರ ಬರೆದು ವಿಚಾರಿಸಬಹುದಾದ ವ್ಯಕ್ತಿಯೇ 'ರೆಫರೆನ್ಸ್'. ಎರಡೂ ಬೇಕು.

ಕನಿಷ್ಠ ಇಬ್ಬರನ್ನು ಹಿಡಿಯಿರಿ. ಒಬ್ಬರು ಪಾದ್ರಿ. ಇನ್ನೊಬ್ಬರು ಸ್ವಲ್ಪ ಸ್ಥಿತಿವಂತ ಮನೆಯ ಹೆಂಗಸು, ಸಾಧ್ಯವಾದರೆ ನಿಮ್ಮಿಂದ ಅವರ ಮಗಳು ಪಾಠ ಹೇಳಿಸಿಕೊಂಡಿರಬೇಕು. ಬರೀ ಗಂಡಸರ ಹೆಸರು ಕೊಟ್ಟರೆ ಹುಬ್ಬೇರುತ್ತದೆ. ಬಂಧುಗಳ ಹೆಸರು ಲೆಕ್ಕಕ್ಕಿಲ್ಲ.

ಪಂಗಡದ ವಿಷಯ ಮರೆಯಬೇಡಿ. ಚರ್ಚ್ ಆಫ್ ಇಂಗ್ಲೆಂಡಿನವರಾ, ಅದರಿಂದ ಹೊರಗಿನ 'ಡಿಸೆಂಟರ್' ಪಂಗಡದವರಾ? ಜಾಹೀರಾತಿನಲ್ಲೇ ಇದನ್ನು ಕೇಳುತ್ತಾರೆ. ಚರ್ಚ್ ಒಳಗೂ ಬಣಗಳಿವೆ. ಡೊರೋಥಿಯಾ ಬೀಲ್ ಅಂಥವರಿಗೇ ಚೆಲ್ಟನಮ್‌ಗೆ ಆಯ್ಕೆಯಾದ ಮೇಲೆ ಧರ್ಮದ ಅಭಿಪ್ರಾಯಗಳ ಬಗ್ಗೆ ಅನುಮಾನ ಎದ್ದು, ಸಮಜಾಯಿಷಿ ಬರೆಯಬೇಕಾಗಿ ಬಂತು. ಹಾಗಾಗಿ ನಿಮ್ಮ ಬಣಕ್ಕೆ ಹೊಂದುವ ಶಾಲೆಗೇ ಬರೆಯಿರಿ. ಸುಳ್ಳು ಹೇಳಿ ಸೇರಿದರೆ ಮೊದಲ ಭಾನುವಾರವೇ ಗೊತ್ತಾಗಿಬಿಡುತ್ತದೆ.

ಹಂತ 5: ಖಾಲಿ ಜಾಗ ಹುಡುಕಿ

ಕೆಲಸಕ್ಕೆ ಆಗ ಬಳಸುತ್ತಿದ್ದ ಪದ 'ಸಿಚುಯೇಶನ್'. ಹುಡುಕುವ ದಾರಿ ನಾಲ್ಕು.

ಬಾಯಿಮಾತು ಎಲ್ಲಕ್ಕಿಂತ ಒಳ್ಳೆಯದು. ನೀವು ಓದಿದ ಶಾಲೆಗೇ ಮೊದಲು ಬರೆಯಿರಿ. ಷಾರ್ಲೆಟ್ 1835ರಲ್ಲಿ ಟೀಚರ್ ಆಗಿದ್ದು ತಾನು ಓದಿದ ರೋ ಹೆಡ್ ಶಾಲೆಯಲ್ಲೇ.

ಎರಡನೆಯದು ಪತ್ರಿಕೆ ಜಾಹೀರಾತು. ಕೊಟ್ಟಿರುವುದನ್ನು ನೋಡಿ ಬರೆಯಬಹುದು, ನೀವೇ ಕೊಡಲೂಬಹುದು. 1853ರವರೆಗೆ ಪ್ರತಿ ಜಾಹೀರಾತಿನ ಮೇಲೂ ಸರ್ಕಾರ 1 ಶಿಲಿಂಗ್ 6 ಪೆನ್ನಿ ತೆರಿಗೆ ಹಾಕುತ್ತಿತ್ತು, ಪತ್ರಿಕೆಯ ದರ ಬೇರೆ. ಅದಕ್ಕೇ ಸುಮ್ನೆ ಉದ್ದ ಬರೆಯುವ ಹಾಗಿಲ್ಲ. ಪೂರ್ತಿ ಹೆಸರು ಹಾಕಬೇಡಿ, ಲೇಡಿಯ ಹೆಸರು ಪತ್ರಿಕೆಯಲ್ಲಿ ಬರುವುದೇ ಮುಜುಗರ ಅನ್ನುವ ಕಾಲ. ಎರಡು ಮೂರು ಅಕ್ಷರ ಹಾಕಿ, ಉತ್ತರ ಪೋಸ್ಟ್ ಆಫೀಸಿಗೇ ಬರಲಿ ಅಂತ ಬರೆಯಿರಿ, ನೀವೇ ಹೋಗಿ ಕೇಳಿ ತೆಗೆದುಕೊಳ್ಳಿ.

ಮೂರನೆಯದು ಏಜೆಂಟರು. ಕಮಿಷನ್ ತೆಗೆದುಕೊಂಡು ಕೆಲಸ ಹುಡುಕಿಕೊಡುವವರು. ಒಳ್ಳೆಯವರೂ ಇದ್ದರು, ನೋಂದಣಿ ಫೀಸ್ ಕಿತ್ತುಕೊಂಡು ಸುಮ್ಮನಾಗುವವರೂ ಇದ್ದರು. ಕೆಲಸ ಸಿಗುವ ಮುಂಚೆ ದುಡ್ಡು ಕೇಳಿದರೆ ಎದ್ದು ಬನ್ನಿ. ಈ ಬುದ್ಧಿಮಾತಿಗೆ ಇಸವಿ ಹಂಗಿಲ್ಲ ಬಿಡಿ.

ನಾಲ್ಕನೆಯದು 1843ರಲ್ಲಿ ಶುರುವಾದ ಗವರ್ನೆಸಸ್ ಬೆನೆವಲೆಂಟ್ ಇನ್‌ಸ್ಟಿಟ್ಯೂಷನ್. ಗವರ್ನೆಸ್ ಅಂದರೆ ಒಂದೇ ಮನೆಯಲ್ಲಿದ್ದು ಆ ಮನೆಯ ಮಕ್ಕಳಿಗೆ ಕಲಿಸುವವಳು. ಈ ಸಂಸ್ಥೆ ಫೀಸಿಲ್ಲದೆ ಹೆಸರು ನೋಂದಾಯಿಸಿಕೊಳ್ಳುತ್ತಿತ್ತು. ಅಲ್ಲಿ ಪೈಪೋಟಿ ಹೇಗಿತ್ತು ಅಂದರೆ, 1851ರ ಜನಗಣತಿ ಹೊತ್ತಿಗೆ ಇಂಥ ಗವರ್ನೆಸ್‌ಗಳೇ ಸುಮಾರು 25,000 ಮಂದಿ. ಮರ್ಯಾದಸ್ಥ ಮನೆಯ ಹುಡುಗಿ ದುಡಿಯಬಹುದಾದ ಕೆಲಸ ಬೇರೆ ಇರಲಿಲ್ಲವಲ್ಲ.

ನಮ್ಮ ಕಡೆ ಪರಿಸ್ಥಿತಿ ಇದಕ್ಕೆ ತಿರುಗುಮುರುಗು. ಅಲ್ಲಿ ಕೆಲಸಕ್ಕೆ ಕಾಯುವ ಹೆಂಗಸರ ಸಾಲು. ಇಲ್ಲಿ ಹೆಣ್ಣುಮಕ್ಕಳಿಗೆ ಕಲಿಸಲು ಹೆಂಗಸರೇ ಸಿಗುತ್ತಿರಲಿಲ್ಲ. 1882ರಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗದ ಮುಂದೆ ಪಂಡಿತಾ ರಮಾಬಾಯಿ ಹೆಣ್ಣು ಟೀಚರುಗಳನ್ನು ತಯಾರು ಮಾಡಿ ಅಂತ ಒತ್ತಿ ಹೇಳಿದ್ದು ಇದಕ್ಕೇ. ಮೈಸೂರಿನಲ್ಲಿ 1881ರಲ್ಲಿ ಶುರುವಾದ ಮಹಾರಾಣಿ ಶಾಲೆಗೆ 1890ರ ದಶಕದಲ್ಲಿ ಕಲಿಸಲು ಬಂದವರಲ್ಲಿ ಟಾಗೋರ್ ಮನೆತನದ ಸರಳಾದೇವಿ ಒಬ್ಬರು. ಎಲ್ಲಿಯ ಕಲ್ಕತ್ತ, ಎಲ್ಲಿಯ ಮೈಸೂರು! ಹೆಚ್ಚು ಕಾಲ ನಿಲ್ಲಲಿಲ್ಲ, ಆದರೆ ಬಂದರು. ನಿಮ್ಮ ಕಥೆಯನ್ನು ಇಂಗ್ಲೆಂಡ್ ಬಿಟ್ಟು ಇಲ್ಲಿಗೆ ತರುವುದಾದರೆ ಈ ವ್ಯತ್ಯಾಸ ಮರೆಯಬೇಡಿ.

ಹಂತ 6: ಪತ್ರ ಬರೆಯಿರಿ

1840ಕ್ಕೆ ಮುಂಚೆ ಅಂಚೆ ದುಬಾರಿ, ಅದೂ ಸಾಮಾನ್ಯವಾಗಿ ಪತ್ರ ಪಡೆದವರು ದುಡ್ಡು ಕೊಡಬೇಕು. ಗುರುತಿಲ್ಲದ ಯಜಮಾನ್ತಿಗೆ ಬರೆದರೆ ಅವಳ ಕೈಯಿಂದ ಕಾಸು ಬಿಚ್ಚಿಸಿದ ಹಾಗೆ! 1840ರಲ್ಲಿ ಪೆನ್ನಿ ಪೋಸ್ಟ್ ಬಂತು. ಅರ್ಧ ಔನ್ಸ್ ತೂಕದೊಳಗಿನ ಪತ್ರ ದೇಶದ ಯಾವ ಮೂಲೆಗಾದರೂ 1 ಪೆನ್ನಿ. ಕೆಲಸ ಹುಡುಕುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿರಲಾರರು ಅಂತ ನನಗೆ ಅನ್ನಿಸುತ್ತದೆ.

ಪತ್ರದಲ್ಲಿ ವಯಸ್ಸು, ಅಪ್ಪ ಯಾರಾಗಿದ್ದರು, ಯಾವ ಚರ್ಚ್, ಏನೇನು ಕಲಿಸಬಲ್ಲಿರಿ, ಯಾರನ್ನು ವಿಚಾರಿಸಬಹುದು, ಇಷ್ಟು ಇರಲಿ. ಒಂದು ಪುಟ ಸಾಕು. ಅಕ್ಷರ ಗುಂಡಾಗಿ, ಸಾಲು ನೇರವಾಗಿ ಇರಬೇಕು, ಏಕೆಂದರೆ ನೀವು ಕಲಿಸುವುದರಲ್ಲಿ ಕೈಬರಹವೂ ಒಂದು. ಕಾಗದ ಉಳಿಸಲು ಬರೆದ ಸಾಲುಗಳ ಮೇಲೇ ಅಡ್ಡಡ್ಡ ಬರೆಯುವ ಅಭ್ಯಾಸ ಆಗ ಇತ್ತು. ತಂಗಿಗೆ ಹಾಗೆ ಬರೆಯಿರಿ, ಇಲ್ಲಿ ಬೇಡ. ಕಷ್ಟ ತೋಡಿಕೊಳ್ಳಬೇಡಿ. 'ತಂದೆ ತೀರಿಕೊಂಡಿದ್ದಾರೆ' ಅಂದರೆ ಉಳಿದದ್ದು ಅವರಿಗೆ ಅರ್ಥವಾಗುತ್ತದೆ. ಟೆಸ್ಟಿಮೋನಿಯಲ್ ಮೂಲಪ್ರತಿ ಕಳಿಸಬೇಡಿ, ಕೈಯಲ್ಲಿ ನಕಲು ಮಾಡಿ ಕಳಿಸಿ. ಹೋದ ಮೂಲಪ್ರತಿ ವಾಪಸ್ ಬರುತ್ತದೆ ಅಂತ ನಂಬಿಕೆಯಿಲ್ಲ.

ಹಂತ 7: ಸಂಬಳದ ಮಾತು

ಲೇಡಿ ದುಡ್ಡಿನ ಮಾತು ಎತ್ತಬಾರದು ಅನ್ನುವ ಕಾಲ. ಎತ್ತದೇ ಇದ್ದರೆ ಮೋಸ ಹೋಗುತ್ತೀರಿ. ಷಾರ್ಲೆಟ್ 1841ರಲ್ಲಿ ಒಂದು ಮನೆಗೆ ಗವರ್ನೆಸ್ ಆಗಿ ಸೇರಿದಾಗ ಸಂಬಳ ವರ್ಷಕ್ಕೆ 20 ಪೌಂಡ್. ಬಟ್ಟೆ ಒಗೆಸುವ ಖರ್ಚು ಕಳೆದು ಕೈಗೆ ಬಂದದ್ದು ಸುಮಾರು 16. ಐದರಲ್ಲಿ ಒಂದು ಪಾಲು ಸೋಪಿನ ನೀರಲ್ಲಿ ಹೋಯಿತು! ಅದೇ ಕಾಲದ ಶಾಲೆಗಳಲ್ಲೂ ಕಿರಿಯ ಟೀಚರ್ ಇದಕ್ಕಿಂತ ತುಂಬಾ ಜಾಸ್ತಿ ನಿರೀಕ್ಷಿಸುವ ಹಾಗಿರಲಿಲ್ಲ.

ಒಪ್ಪುವ ಮುಂಚೆ ಪತ್ರದಲ್ಲೇ ಕೇಳಿ:

ಒಗೆತದ ಖರ್ಚು ಯಾರದು? ರಜೆಯಲ್ಲಿ ಶಾಲೆಯಲ್ಲೇ ಇರಬಹುದಾ, ಊಟ ಕೊಡುತ್ತಾರಾ? ಮನೆಯೇ ಇಲ್ಲದ ನಿಮಗೆ ಇದು ದೊಡ್ಡ ಪ್ರಶ್ನೆ. ಸ್ವಂತ ಕೋಣೆ ಇದೆಯಾ, ಅಥವಾ ಹುಡುಗಿಯರ ಜೊತೆ ಮಲಗಬೇಕಾ? ಸಂಬಳ ಮೂರು ತಿಂಗಳಿಗೋ ಆರು ತಿಂಗಳಿಗೋ?

ಎಚ್ಚರಿಕೆ: 'ಮ್ಯೂಚುವಲ್ ಟರ್ಮ್ಸ್' ಅಂತ ಕಂಡರೆ ಹುಷಾರು. ಕೇಳಲು ಚಂದ. ಅರ್ಥ ಏನು ಅಂದರೆ ಸಂಬಳ ಇಲ್ಲ, ಊಟ ವಸತಿಗೆ ಬದಲಾಗಿ ಪಾಠ ಹೇಳಿ ಅಂತ. 'ಆರ್ಟಿಕಲ್ಡ್ ಪ್ಯೂಪಿಲ್' ಅಂದರೆ ಇನ್ನೂ ಒಂದು ಮೆಟ್ಟಿಲು ಕೆಳಗೆ: ಕರಾರು ಬರೆದುಕೊಟ್ಟು, ಕೆಲವು ಸಲ ನೀವೇ ದುಡ್ಡೂ ಕೊಟ್ಟು, ಅರ್ಧ ದಿನ ಕಲಿಯುತ್ತಾ ಅರ್ಧ ದಿನ ಕಲಿಸುವುದು. 17 ವರ್ಷದವಳಿಗೆ ಸರಿ, ನಿಮಗಲ್ಲ.

ಕೆಲಸದ ಹೊತ್ತು ಅಂತ ಇರುವುದಿಲ್ಲ. ಪಾಠ ಮುಗಿದ ಮೇಲೆ ಹುಡುಗಿಯರನ್ನು ಇಬ್ಬಿಬ್ಬರಂತೆ ಸಾಲಾಗಿ ವಾಕಿಂಗ್ ಕರೆದುಕೊಂಡು ಹೋಗಬೇಕು (ಆ ಸಾಲಿಗೆ ಮುಂದೆ 'ಮೊಸಳೆ' ಅಂತಲೇ ಹೆಸರು ಬಿತ್ತು). ಸಂಜೆ ಹೊಲಿಗೆ, ರಾತ್ರಿ ಕಾವಲು. ಗಂಡಸು ಮೇಷ್ಟ್ರು ಸಂಗೀತಕ್ಕೋ ಚಿತ್ರಕ್ಕೋ ಹೊರಗಿಂದ ಬಂದರೆ, ಪಾಠ ಮುಗಿಯುವವರೆಗೂ ಮೂಲೆಯಲ್ಲಿ ಕೂತಿರುವುದು ನಿಮ್ಮದೇ ಕೆಲಸ.

ಮದುವೆಯಾದರೆ ಕೆಲಸ ಬಿಡಬೇಕು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1870ಕ್ಕೆ ಮುಂಚೆ ಹೆಂಡತಿ ದುಡಿದದ್ದು ಕಾನೂನಿನ ಪ್ರಕಾರ ಗಂಡನಿಗೆ ಸೇರುತ್ತಿತ್ತು. ಕೂಡಿಟ್ಟ ಪೌಂಡುಗಳ ಬಗ್ಗೆ ಯೋಚಿಸುವಾಗ ಇದೂ ನೆನಪಿರಲಿ.

ಹಂತ 8: ಹೊರಡುವುದು

ಶಾಲೆಯ ವರ್ಷದಲ್ಲಿ ಬಹುಪಾಲು ಎರಡೇ ಭಾಗ. ಬೇಸಿಗೆ ರಜೆ ಮುಗಿದ ಮೇಲೊಂದು, ಕ್ರಿಸ್‌ಮಸ್ ರಜೆ ಮುಗಿದ ಮೇಲೊಂದು. ಆ ರಜೆಗಳಿಗೆ ಒಂದೆರಡು ತಿಂಗಳು ಮುಂಚೆಯೇ ಹುಡುಕಾಟ ಶುರು ಮಾಡಿ. ದುಡ್ಡಿನ ಲೆಕ್ಕಕ್ಕೆ 'ಕ್ವಾರ್ಟರ್ ಡೇ' ಬೇರೆ: ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25. ಬಾಡಿಗೆ, ಸಂಬಳ ಎಲ್ಲ ಈ ದಿನಗಳಿಗೆ ಕಟ್ಟಿಕೊಂಡಿರುತ್ತಿದ್ದವು. ಅಂದರೆ ಸೇರಿದ ಮೇಲೆ ಮೊದಲ ಸಂಬಳಕ್ಕೆ ಮೂರು ತಿಂಗಳು ಕಾಯಬೇಕಾಗಬಹುದು. ಕೈಖರ್ಚಿಗೆ ಇಟ್ಟುಕೊಂಡೇ ಹೊರಡಿ.

ರೈಲು ಇದ್ದ ಊರಾದರೆ 1844ರ ಕಾಯಿದೆಯ ನಂತರ ಥರ್ಡ್ ಕ್ಲಾಸಿನಲ್ಲಿ ಮೈಲಿಗೆ 1 ಪೆನ್ನಿಯಂತೆ ಹೋಗಬಹುದು, ದಿನಕ್ಕೊಂದಾದರೂ ಅಂಥ ರೈಲು ಬಿಡಲೇಬೇಕಿತ್ತು. ಸ್ಟೇಷನ್ನಿಗೆ ಶಾಲೆಯ ಗಾಡಿ ಬರುವುದಾದರೆ ಸೆಕೆಂಡ್ ಕ್ಲಾಸ್ ಟಿಕೆಟ್ ತೆಗೆಸಿ. ನೀವು ಯಾವ ಡಬ್ಬಿಯಿಂದ ಇಳಿದಿರಿ ಅನ್ನುವುದು ನಿಮಗಿಂತ ಮುಂಚೆ ಶಾಲೆ ಮುಟ್ಟಿರುತ್ತದೆ. ಬಟ್ಟೆ ಗಾಢ ಬಣ್ಣದ್ದು, ಬಿಳಿ ಕಾಲರ್, ಒಡವೆ ಬೇಡ. ಯಜಮಾನ್ತಿಗಿಂತ ಚೆನ್ನಾಗಿಯೂ ಕಾಣಬಾರದು, ಅಡುಗೆಯವಳ ಹಾಗೂ ಕಾಣಬಾರದು.

ಕೊನೆಯದಾಗಿ, ಈ ಶಾಲೆ ಬಿಡುವ ದಿನವೂ ಬರುತ್ತದೆ. ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು. ಆದರೆ ಟೆಸ್ಟಿಮೋನಿಯಲ್ ಬರೆಸಿಕೊಳ್ಳುವುದನ್ನು ನೋಟಿಸಿನ ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಒಬ್ಬ ಹುಡುಗಿ ಪರೀಕ್ಷೆ ಪಾಸಾಗಿ ಅವಳಪ್ಪ ಥ್ಯಾಂಕ್ಸ್ ಹೇಳಲು ಬಂದಿರುತ್ತಾನಲ್ಲ, ಯಜಮಾನ್ತಿಯ ಮುಖದಲ್ಲಿ ನಗು ಇರುತ್ತದಲ್ಲ, ಆ ಸಂಜೆ ಕೇಳಿ. ಬರೆದುಕೊಟ್ಟ ಕಾಗದವನ್ನು ಟ್ರಂಕಿನ ತಳದಲ್ಲಿ ಇಟ್ಟು, ಆಮೇಲೆ ಬೇರೆ ಊರಿಗೆ ಪತ್ರ ಬರೆಯಲು ಶುರು ಮಾಡಿ.